ಹದಿನಾರನೆಯ ಕೈ

ನಮ್ಮ ಮನೆಯಲ್ಲಿ ಯಾರೂ ನೀರು ಕೇಳಿ ಕುಡಿದದ್ದಿಲ್ಲ. ಕೇಳುವ ಮೊದಲೇ ಮಾವ ತಂದಿಟ್ಟಿರುತ್ತಾರೆ. ತಟ್ಟೆ ಬರುವ ಮುಂಚೆ ಲೋಟ ಬರುತ್ತದೆ, ಲೋಟದಲ್ಲಿ ಎರಡು ಗುಟುಕು ಕಡಿಮೆಯಾದರೆ ಮತ್ತೆ ತುಂಬುತ್ತದೆ. ಸೊಸೆಯಾಗಿ ಬಂದ ಹೊಸತರಲ್ಲಿ, ಎಂಥ ಮಾವ ಸಿಕ್ಕಿದರು ನನಗೆ ಎಂದು ತವರಿಗೆ ಫೋನು ಮಾಡಿ ಜಂಭ ಕೊಚ್ಚಿಕೊಂಡಿದ್ದೆ. ನಮ್ಮಮ್ಮ, "ಜಾಸ್ತಿ ಉಬ್ಬಬೇಡ, ಒಂದು ವರ್ಷ ಕಳೀಲಿ, ಆಮೇಲೆ ಹೇಳು" ಅಂದಿದ್ದಳು. ಏಳು ವರ್ಷ ಕಳೆಯಿತು. ಮಾವ ಬದಲಾಗಲಿಲ್ಲ. ಆದರೆ ಆ ಲೋಟ ಕಂಡರೆ ಈಗ ನನಗೇ ಗಂಟಲು ಒಣಗುತ್ತದೆ.

ಮಾವ ನಗರಸಭೆಯಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತರಾಗಿದ್ದವರು. ಸಭೆಯ ನಡಾವಳಿ ಬರೆಯುವುದು ಅವರ ಕೆಲಸ. ಯಾವುದಾದರೂ ಠರಾವು ಮತಕ್ಕೆ ಬಂದರೆ ಸದಸ್ಯರು ಕುಳಿತಲ್ಲಿಂದಲೇ ಕೈ ಎತ್ತಬೇಕು, ಇವರು ಅಧ್ಯಕ್ಷರ ಮೇಜಿನ ಪಕ್ಕದ ಮರದ ಮೆಟ್ಟಿಲು ಹತ್ತಿ ನಿಂತು ಎಣಿಸಬೇಕು. ಸದಸ್ಯರು ಮೂವತ್ತೊಂದು ಜನ. ಇವರ ಕಚ್ಚಾ ಪುಸ್ತಕದ ಪ್ರತಿ ಪುಟದಲ್ಲೂ ಮೂವತ್ತೊಂದು ಚೌಕದ ಮನೆಗಳನ್ನು ಮೊದಲೇ ಗೆರೆ ಹಾಕಿ ಇಟ್ಟುಕೊಂಡಿರುತ್ತಿದ್ದರು, ಒಂದು ಕುರ್ಚಿಗೆ ಒಂದು ಮನೆ. ಪೆನ್ಸಿಲಿನ ಹಿಂದಿನ ತುದಿಯನ್ನು ಗಾಳಿಯಲ್ಲಿ ಆಡಿಸುತ್ತ ಒಂದೊಂದೇ ಕೈಯನ್ನು ಎಣಿಸಿ, ಆಯಾ ಮನೆಯಲ್ಲಿ ಟಿಕ್ಕು ಹಾಕುತ್ತಿದ್ದರು. ಊರಲ್ಲಿ ಇವರಿಗೆ ಕೈಲೆಕ್ಕದ ಗುಮಾಸ್ತರು ಎಂದೇ ಹೆಸರು. ಬೇರೆ ಹೆಸರೊಂದಿದೆ ಎಂಬುದು ಪಿಂಚಣಿ ಕಾಗದ ನೋಡಿದವರಿಗೆ ಮಾತ್ರ ಗೊತ್ತು.

ಮೊದಲೆಲ್ಲ ಪರವಾಗಿರುವವರನ್ನು ಒಂದು ಸಲ, ವಿರುದ್ಧವಾಗಿರುವವರನ್ನು ಇನ್ನೊಂದು ಸಲ ಎಣಿಸುತ್ತಿದ್ದರಂತೆ. ಊಟದ ಹೊತ್ತು ಒಂದು ನಿಮಿಷ ಮೀರಿದರೂ ಸಿಡಿಮಿಡಿಗುಟ್ಟುವ ಅಧ್ಯಕ್ಷರೊಬ್ಬರು ಬಂದರು. ಆಗ ಮಾವನೇ ಉಪಾಯ ಹೇಳಿಕೊಟ್ಟರು. ಇಷ್ಟು ಜನ ಹಾಜರಿದ್ದಾರೆ, ಪರವಾದವರನ್ನು ಎಣಿಸಿದರೆ ಸಾಕು, ಮಿಕ್ಕವರು ವಿರುದ್ಧ. ಕಳೆಯುವ ಲೆಕ್ಕ ಬರುವಾಗ ಎರಡೆರಡು ಸಲ ಯಾಕೆ ಎಣಿಸಬೇಕು? ಅಧ್ಯಕ್ಷರು ಬೆನ್ನು ತಟ್ಟಿದರು. ಅಂದಿನಿಂದ ಅದೇ ಪದ್ಧತಿಯಾಯಿತು. ನಡಾವಳಿಯಲ್ಲಿ ಅಂಕಿ ಮಾತ್ರ ಹೋಗುತ್ತಿತ್ತು, ಹೆಸರು ಹೋಗುತ್ತಿರಲಿಲ್ಲ. ಎಷ್ಟು ಕೈ ಎಂಬುದು ಜನಕ್ಕೆ ಗೊತ್ತಾದರೆ ಸಾಕು, ಯಾರ ಕೈ ಎಂಬುದು ಯಾಕೆ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹೆಸರು ಇದ್ದದ್ದು ಮಾವನ ಕಚ್ಚಾ ಪುಸ್ತಕಗಳಲ್ಲಿ ಮಾತ್ರ. ಅವು ದಾಖಲೆ ಕೋಣೆಯ ಮೇಲಿನ ಅಟ್ಟದಲ್ಲಿ ಧೂಳು ತಿನ್ನುತ್ತಿದ್ದವು.

ಇಷ್ಟು ನನಗೆ ಮೊದಲಿಂದ ಗೊತ್ತಿತ್ತು. ಗೊತ್ತಿಲ್ಲದ್ದು ಬೇರೆ ಇತ್ತು.

ಮಾವ ಬಸ್ಸು ಹತ್ತುತ್ತಿರಲಿಲ್ಲ. ಒಮ್ಮೆ ನಾನು ಬಲವಂತವಾಗಿ ಹತ್ತಿಸಿದೆ. ಬಸ್ಸು ತುಂಬಿತ್ತು, ನಿಂತವರೆಲ್ಲ ಮೇಲಿನ ಕಂಬಿ ಹಿಡಿದಿದ್ದರು. ಮಾವ ತಲೆಯೆತ್ತಿ ಆ ಕೈಗಳನ್ನೇ ನೋಡುತ್ತ ತುಟಿ ಅಲ್ಲಾಡಿಸತೊಡಗಿದರು. ಎಣಿಸುತ್ತಿದ್ದಾರೆ ಎಂದು ನನಗೆ ತಿಳಿಯುವಷ್ಟರಲ್ಲಿ ಅವರ ಮುಖ ಬೆವತು ನೀರಾಗಿತ್ತು. ಮುಂದಿನ ಸ್ಟಾಪಿನಲ್ಲಿ ಇಳಿದು ಎರಡು ಮೈಲಿ ನಡೆದು ಮನೆಗೆ ಬಂದರು. ನನ್ನ ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಟೀಚರಾಟ ಆಡುತ್ತ, "ತಾತಾ, ಉತ್ತರ ಗೊತ್ತಿದ್ರೆ ಕೈ ಎತ್ತು" ಅಂದಳು. ಮಾವ ಎದ್ದು ಹಿತ್ತಲಿಗೆ ಹೋಗಿಬಿಟ್ಟರು. ಮಗು ಪೆಚ್ಚು ಮುಖ ಹಾಕಿಕೊಂಡು ನಿಂತಿತು. ನನಗೆ ಸಿಟ್ಟು ಬಂದು, ವಯಸ್ಸಾದ ಮೇಲೆ ಮಕ್ಕಳಿಗಿಂತ ಕಡೆ ಎಂದು ಅವರಿಗೆ ಕೇಳಿಸುವ ಹಾಗೇ ಗೊಣಗಿದ್ದೆ.

ಮಧ್ಯಾಹ್ನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಾಗಲೂ ಅವರ ಹೆಬ್ಬೆರಳು ಮಿಕ್ಕ ಬೆರಳುಗಳ ಗೆಣ್ಣಿನ ಮೇಲೆ ಓಡಾಡುತ್ತಿತ್ತು. ಜಪ ಮಾಡುತ್ತಾರೇನೋ ಅಂದುಕೊಂಡಿದ್ದೆ. ಒಂದು ದಿನ ಬಟ್ಟೆ ಮಡಚುತ್ತ ಸುಮ್ಮನೆ ನೋಡಿದೆ. ಹದಿನೈದಕ್ಕೆ ನಿಂತಿತು. ಮತ್ತೆ ಒಂದರಿಂದ ಶುರುವಾಯಿತು. ಮತ್ತೆ ಹದಿನೈದಕ್ಕೆ ನಿಂತಿತು. ಹದಿನೈದು ದೇವರಿರುವ ಜಪ ಯಾವುದಪ್ಪಾ ಎಂದು ನಾನು ನಗುತ್ತ ಗಂಡನಿಗೆ ಹೇಳಿದೆ. ಅವರು ನಗಲಿಲ್ಲ. "ಮಾರ್ಕೆಟ್ಟು ಬಿದ್ದಾಗಿಂದ ಅಪ್ಪ ಹಾಗೇ" ಅಂದರು.

ಮಾರ್ಕೆಟ್ಟು ಬಿದ್ದದ್ದು ನಾನು ಈ ಊರಿಗೆ ಬರುವ ಒಂದೂವರೆ ವರ್ಷದ ಹಿಂದೆ. ತರಕಾರಿ ಮಾರ್ಕೆಟ್ಟಿನ ಚಾವಣಿಯ ಕಬ್ಬಿಣದ ತೊಲೆಗಳು ತುಕ್ಕು ಹಿಡಿದಿವೆ, ಕೂಡಲೇ ಕೆಳಗಿನಿಂದ ಆಸರೆಗೆ ಊರೆಗಂಬ ಕೊಟ್ಟು ರಿಪೇರಿ ಮಾಡಬೇಕು ಎಂದು ಇಂಜಿನಿಯರು ಬರೆದುಕೊಟ್ಟಿದ್ದರು. ಕಂಬಗಳೂ ಬಂದು ಗೇಟಿನ ಹತ್ತಿರ ಬಿದ್ದಿದ್ದವು. ಅಷ್ಟರಲ್ಲಿ ರಿಪೇರಿಯನ್ನು ಮುಂದಿನ ವರ್ಷಕ್ಕೆ ಹಾಕೋಣ ಎಂಬ ಠರಾವು ಸಭೆಗೆ ಬಂತು. ಪರ ಹದಿನಾರು, ವಿರುದ್ಧ ಹದಿನೈದು. ಅಂಗೀಕಾರವಾಯಿತು. ನಾಲ್ಕು ತಿಂಗಳಿಗೆ ಚಾವಣಿ ಕುಸಿಯಿತು. ನಿಂಬೆಹಣ್ಣು ಮಾರುವವಳು, ಚಾಕು ಸಾಣೆ ಹಿಡಿಯುವವನು, ಸೊಪ್ಪು ಕೊಳ್ಳಲು ಬಂದ ತಾಯಿ ಮತ್ತು ಮಗಳು, ಹೀಗೆ ನಾಲ್ಕು ಜನ ಸತ್ತರು.

ಆಮೇಲೆ ಊರಲ್ಲಿ ಯಾವ ಸದಸ್ಯನನ್ನು ಕೇಳಿದರೂ, ಅಯ್ಯೋ, ನಾನು ವಿರುದ್ಧ ಇದ್ದೆ ಎನ್ನುವವನೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕೇಳದವರೂ ಬಂದು ಹೇಳಿ ಹೋದರು. ಲೆಕ್ಕ ಹಾಕಿದರೆ ಇಪ್ಪತ್ತೆಂಟು ಜನ ವಿರುದ್ಧವಾಗಿದ್ದರು. ಹಾಗಾದರೆ ಆ ಹದಿನಾರು ಕೈ ಯಾರವು, ಬಾಡಿಗೆಗೆ ತಂದಿದ್ದವೇ ಎಂದು ಜನ ಕೇಳುತ್ತಿದ್ದರು. ಹೇಳಬಲ್ಲವರು ಮಾವ ಒಬ್ಬರೇ. ಅವರು ಬಾಯಿಗೆ ಬೀಗ ಹಾಕಿಕೊಂಡಿದ್ದರು. ಕಚ್ಚಾ ಪುಸ್ತಕ ಗುಪ್ತ ಎಂದು ಆಗ ಆದೇಶವಿತ್ತು.

ಆ ಬೀಗ ತೆಗೆಸಿದವಳು ಸೈಕಲ್ ಶಾಪಿನವರ ಮಗಳು.

ಸೈಕಲ್ ಶಾಪು ನಮ್ಮ ಬೀದಿಯಲ್ಲೇ, ನಮ್ಮ ಮನೆಗೆ ಎದುರು. ಅದನ್ನು ನಡೆಸುತ್ತಿದ್ದವರು ಒಂದು ಅವಧಿಗೆ ಸದಸ್ಯರೂ ಆಗಿದ್ದರು. ಸಭೆಯಲ್ಲಿ ಬಾಯಿ ಬಿಡದ ಮನುಷ್ಯ, ಕಿಟಕಿಯ ಪಕ್ಕ ಇಪ್ಪತ್ತಮೂರನೆಯ ಕುರ್ಚಿಯಲ್ಲಿ ಕೂತು ಎದ್ದು ಬರುತ್ತಿದ್ದರಂತೆ. ಮಾರ್ಕೆಟ್ಟು ಬಿದ್ದ ಮೇಲೆ ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ನಾಲ್ಕು ವರ್ಷದ ಹಿಂದೆ ತೀರಿಕೊಂಡರು. ಈಗ ಶಾಪು ನಡೆಸುವುದು ಮಗಳು. ಕೈಯೆಲ್ಲ ಗ್ರೀಸು, ಮಾತೆಲ್ಲ ನೇರ. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಟೈಪಿಂಗು, ಜೆರಾಕ್ಸು ಅಂಗಡಿ ಇಟ್ಟಿದ್ದೇನೆ. ಎರಡು ವರ್ಷ ಆಕೆ ಅರ್ಜಿ ಮೇಲೆ ಅರ್ಜಿ ಬರೆಸಿಕೊಂಡು ಹೋದಳು. ಯಾರು ಯಾವುದಕ್ಕೆ ಕೈ ಎತ್ತಿದರು ಎಂಬುದು ವೋಟು ಹಾಕುವವರಿಗೆ ಗೊತ್ತಾಗಬೇಕು, ಗೊತ್ತಾಗದೆ ಹಾಕುವ ವೋಟು ಕಣ್ಣು ಕಟ್ಟಿಸಿಕೊಂಡು ಹಾಕಿದ ವೋಟು. ಅರ್ಜಿಗಳನ್ನೆಲ್ಲ ಟೈಪು ಮಾಡಿದವಳು ನಾನೇ. ಕೆಲವು ಮಾತುಗಳಿಗೆ ಖಾರ ಹಚ್ಚಿದವಳೂ ನಾನೇ.

ಕೊನೆಗೆ ಮೇಲಿನಿಂದ ಆದೇಶ ಬಂತು. ಬರುವ ಚುನಾವಣೆಗೆ ಮುಂಚೆ, ಹಿಂದಿನ ಹತ್ತು ವರ್ಷದ ಮತಗಳನ್ನೆಲ್ಲ ಹೆಸರಿನ ಸಮೇತ ನಗರಸಭೆಯ ಬೋರ್ಡಿಗೆ ಹಾಕಬೇಕು, ಏಳನೆಯ ದಿನ ಆಕ್ಷೇಪಣೆ ಕೇಳಬೇಕು.

ಅಂದೇ ಆಕೆ ಕರಪತ್ರದ ಒಕ್ಕಣೆ ಹಿಡಿದುಕೊಂಡು ಬಂದಳು. ಆಕೆಯೂ ಚುನಾವಣೆಗೆ ನಿಂತಿದ್ದಳು.

"ಅಕ್ಕಾ, ಮೇಲೆ ದಪ್ಪ ಅಕ್ಷರದಲ್ಲಿ ಹಾಕು. 'ನನ್ನ ತಂದೆ ಕೈ ಎತ್ತಲಿಲ್ಲ. ಪುಸ್ತಕ ತೆರೆಯಲಿ, ನೀವೇ ನೋಡಿ.'"

"ಅಷ್ಟು ಗ್ಯಾರಂಟಿನಾ ನಿಂಗೆ?" ಅಂದೆ.

"ನಮ್ಮಪ್ಪ ಸುಳ್ಳು ಹೇಳೋಕೂ ಬರದಷ್ಟು ಸೋಮಾರಿ. ಸಾಯೋ ಹಿಂದಿನ ದಿನಾನೂ ಅದನ್ನೇ ಅಂದ್ರು. ನಾನು ಎತ್ತಲಿಲ್ಲ ಕಣೇ, ಆ ಹದಿನಾರನೆಯವನು ಯಾರು ಅಂತ ಗೊತ್ತಾಗಲೇ ಇಲ್ಲ ಅಂತ."

ಒಳಗಿನಿಂದ ಏನೋ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಆಕೆಗೆಂದು ತರುತ್ತಿದ್ದ ಲೋಟವನ್ನು ಮಾವ ಕೈಬಿಟ್ಟಿದ್ದರು. ನೆಲವೆಲ್ಲ ನೀರು. ಮಾವ ಅದರ ನಡುವೆ ನಿಂತೇ ಇದ್ದರು.

ಮಾವನ ಪುಸ್ತಕಗಳ ಗುರುತು, ಸಂಕ್ಷೇಪಗಳು ಬೇರೆ ಯಾರಿಗೂ ಓದಲು ಬಾರದು. ನಗರಸಭೆಯವರು ನಿವೃತ್ತರಾದ ಮಾವನನ್ನೇ ಕರೆದು, ಓದಿ ಹೇಳಿ ಎಂದು ಪುಸ್ತಕಗಳನ್ನು ಮನೆಗೇ ಕಳಿಸಿದರು. ಟೈಪಿಂಗಿನ ಕೆಲಸ ನನಗೇ ಬಂತು. ಮಧ್ಯಾಹ್ನದ ಹೊತ್ತು ಅಂಗಡಿಯ ಶಟರು ಅರ್ಧ ಎಳೆದು, ಮಾವ ಓದುವುದು, ನಾನು ಕುಟ್ಟುವುದು. ಬೀದಿ ದೀಪ, ಚರಂಡಿ, ಸ್ಮಶಾನದ ಗೋಡೆ. ಯಾರು ಎಲ್ಲಿ ಏನು ಮಾತಾಡಿ ಎಲ್ಲಿ ಏನಕ್ಕೆ ಕೈ ಎತ್ತಿದ್ದರೆಂದು ನೋಡಿ ನನಗೆ ಬಿದ್ದು ಬಿದ್ದು ನಗು ಬರುತ್ತಿತ್ತು. ಮಾವ ಮಾತ್ರ ದಿನದಿನಕ್ಕೆ ಸಣ್ಣಗಾಗುತ್ತಿದ್ದರು. ಎಂಟನೆಯ ದಿನ ಆ ಪುಟ ಬಂತು.

ಹದಿನೈದು ಹೆಸರನ್ನು ಮಾವ ಎಂದಿಗಿಂತ ಬೇಗ ಬೇಗ ಹೇಳಿದರು. ಆಮೇಲೆ ನಿಂತರು. ನಾನು ಕೀಲಿಯ ಮೇಲೆ ಬೆರಳಿಟ್ಟುಕೊಂಡು ಕಾದೆ. "ಇಪ್ಪತ್ತಮೂರು" ಅಂದರು.

"ಇಪ್ಪತ್ತಮೂರು ಅಂದ್ರೆ ಸೈಕಲ್ ಶಾಪಿನವರು ಅಲ್ವಾ? ಅವರು ಎತ್ತಲಿಲ್ಲ ಅಂತ ಮಗಳು ಸಾವಿರ ಕರಪತ್ರ ಹಂಚಿದಾಳೆ ಮಾವ."

ನಾನು ಎದ್ದು ಪುಸ್ತಕಕ್ಕೆ ಬಗ್ಗಿ ನೋಡಿದೆ. ಇಪ್ಪತ್ತಮೂರನೆಯ ಮನೆಯಲ್ಲಿ ಟಿಕ್ಕು ಇತ್ತು. ಅದರ ಪಕ್ಕದಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ 'ನೀರು' ಎಂದು ಬರೆದಿತ್ತು.

"ಇದೇನು?"

"ಅದನ್ನ ಟೈಪ್ ಮಾಡೋದು ಬೇಡ."

"ಬೇಡ ಸರಿ. ಏನು ಅದು?"

ಮಾವ ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಏಳು ವರ್ಷದಲ್ಲಿ ಅವರು ನನ್ನ ಜೊತೆ ಅಷ್ಟು ಮಾತಾಡಿದ್ದು ಅದೇ ಮೊದಲು.

"ಅವತ್ತು ಊಟದ ಗಂಟೆಗೆ ಎರಡು ನಿಮಿಷ ಇತ್ತು. ಅಧ್ಯಕ್ಷರು, ಪರವಾಗಿರೋರು ಕೈ ಎತ್ತಿ ಅಂದ್ರು. ಎಣಿಸ್ಕೊಂಡು ಬಂದೆ. ಹದಿನೈದಾಯ್ತು. ಕಿಟಕಿ ಹತ್ರ ಇನ್ನೊಂದು ಕೈ ಮೇಲಿತ್ತು. ಹದಿನಾರು ಅಂತ ಜೋರಾಗಿ ಕೂಗಿದೆ. ಕೂಗಿದ ಮೇಲೆ ಆ ಕೈ ಅಲ್ಲಾಡ್ತು. ಬಾಗಿಲ ಹತ್ರ ನಿಂತಿದ್ದ ಜವಾನನಿಗೆ, ಸ್ವಲ್ಪ ನೀರು ಅಂದ್ರು ಅವರು. ನಂಗೆ ಕೇಳಿಸ್ತು."

"ಕೇಳಿಸಿದ ಮೇಲೆ ಹೇಳಬಾರದಾ?"

"ಅಷ್ಟರಲ್ಲಿ ಅಂಗೀಕಾರ ಅಂದಾಗಿತ್ತು. ಗಂಟೆ ಹೊಡೀತು, ಎಲ್ಲರೂ ಎದ್ರು. ಊಟ ಆದ್ಮೇಲೆ ಸರಿ ಮಾಡೋಣ ಅಂತ ಪುಸ್ತಕದಲ್ಲಿ ಗುರುತು ಹಾಕ್ಕೊಂಡೆ. ಊಟ ಆದ್ಮೇಲೆ ಅರ್ಧ ಜನ ವಾಪಸ್ ಬರ್ಲಿಲ್ಲ. ಮಾರನೇ ದಿನ ಅಧ್ಯಕ್ಷರು ಸಹಿ ಹಾಕಿಬಿಟ್ರು. ಇಪ್ಪತ್ತೇಳು ವರ್ಷದಲ್ಲಿ ಒಂದು ತಪ್ಪಿಲ್ಲ ಅನ್ನಿಸ್ಕೊಂಡಿದ್ದೆ ನಾನು. ಒಂದು ವರ್ಷ ರಿಪೇರಿ ತಡ ಆದ್ರೆ ಏನು ಮುಳುಗಿ ಹೋಗತ್ತೆ ಅಂತ ಸುಮ್ನಾದೆ."

ವಿರುದ್ಧದ ಕೈಗಳನ್ನೂ ಎಣಿಸುವ ಪದ್ಧತಿ ಇದ್ದಿದ್ದರೆ ಆ ಕೈ ಅಲ್ಲಿ ಎರಡನೆಯ ಸಲ ಮೇಲೇಳುತ್ತಿತ್ತು, ಲೆಕ್ಕ ಮೂವತ್ತೆರಡಾಗುತ್ತಿತ್ತು, ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು. ಆ ಪದ್ಧತಿ ತೆಗೆಸಿದವರು ಯಾರು ಎಂದು ನಾನು ಕೇಳಲಿಲ್ಲ. ಅವರ ಮುಖದಲ್ಲೇ ಇತ್ತು.

"ಸೈಕಲ್ ಶಾಪಿನವರಿಗೆ ಗೊತ್ತಿತ್ತಾ?"

ಆಗ ಮಾವ ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. ಚಾವಣಿ ಬಿದ್ದ ಮೇಲೆ ಇವರು ಸೈಕಲ್ಲಿಗೆ ಗಾಳಿ ಹಾಕಿಸಲು ಹೋದಾಗಲೆಲ್ಲ ಅವರು ಪಂಪು ಒತ್ತುತ್ತ ಒಂದೇ ಮಾತು ಕೇಳುತ್ತಿದ್ದರಂತೆ. "ಗುಮಾಸ್ತರೇ, ಒಂದೇ ಒಂದು ಕೈಲಿ ಸೋತಿದ್ದು ಅಲ್ವಾ ನಾವು? ಆ ಹದಿನಾರನೆಯವನು ಯಾರು? ನಂಗೊಬ್ಬನಿಗೆ ಹೇಳಿ, ಯಾರಿಗೂ ಹೇಳಲ್ಲ." ಇವರು, ಗುಪ್ತ ಸ್ವಾಮಿ, ಹೇಳೋ ಹಾಗಿಲ್ಲ ಅನ್ನುತ್ತಿದ್ದರು. ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಆ ಮನುಷ್ಯ ತನ್ನ ಕೈಯ ಬಗ್ಗೆ ತಾನೇ ವಿಚಾರಿಸಿದರು. ಇವರು ಸೈಕಲ್ಲನ್ನೇ ಮಾರಿಬಿಟ್ಟರು. ಅವರು ಸತ್ತಾಗ ಹೋಗಿ ತಲೆಯ ಹತ್ತಿರ ಕೂತರು. ಹೆಣದ ಬಾಯಿ ಸ್ವಲ್ಪ ತೆರೆದಿತ್ತಂತೆ.

"ಆ ಕೈ ಆವಾಗಿಂದ ಕೆಳಗೆ ಇಳಿದಿಲ್ಲಮ್ಮ" ಅಂದರು ಮಾವ. "ಎಲ್ಲಿ ಹೋದ್ರೂ ಅದು ಮೇಲೇ ಇರತ್ತೆ. ಹೇಳಿದ್ರೆ ನಾಲ್ಕು ಜನರ ಸಾವು ಅವರ ಹೆಗಲಿಗೆ ಬೀಳತ್ತೆ, ಅದಕ್ಕೇ ಸುಮ್ನಿದೀನಿ ಅಂತ ಮೊದಮೊದಲು ನನಗೆ ನಾನೇ ಹೇಳ್ಕೊಂಡೆ. ಅದು ಸುಳ್ಳು. ನಂಗೆ ಹೆದರಿಕೆ, ಅಷ್ಟೇ."

ನನಗೆ ಮೈಯೆಲ್ಲ ಉರಿಯಿತು. ಅಷ್ಟೇ ಕನಿಕರವೂ ಬಂತು. ಯಾವುದನ್ನು ಮೊದಲು ತೋರಿಸಬೇಕೋ ತಿಳಿಯದೆ ಎದ್ದು ಒಳಗೆ ಹೋದೆ. ಸಂಜೆ ಗಂಡನಿಗೆ ಹೇಳಿದೆ. "ಒಂಬತ್ತು ವರ್ಷದ ಹಿಂದಿನ ಮಾತು. ಸತ್ತೋರೇನು ಎದ್ದು ಬರ್ತಾರಾ? ಇರಲಾರದೆ ಇರುವೆ ಯಾಕೆ ಬಿಟ್ಕೊಳ್ತೀರಿ? ಪುಸ್ತಕದಲ್ಲಿ ಟಿಕ್ಕಿದೆ, ಟಿಕ್ಕು ಟೈಪ್ ಮಾಡು" ಅಂದರು. ಮಾವನೂ ತಲೆ ತಗ್ಗಿಸಿಕೊಂಡು, "ದಾಖಲೆ ಅಂದ್ರೆ ದಾಖಲೆ" ಅಂದರು. ನಾನು ಹದಿನಾರು ಹೆಸರು ಟೈಪು ಮಾಡಿದೆ. 'ನೀರು' ಬಿಟ್ಟೆ. ಅಷ್ಟು ಖಾರದ ಅರ್ಜಿ ಬರೆದವಳು ಎರಡಕ್ಷರ ಬರೆಯಲಾರದೆ ಹೋದೆ.

ಪಟ್ಟಿ ಬೋರ್ಡಿಗೆ ಬಂದ ಮೊದಲ ದಿನವೇ ಬೆಂಕಿ ಬಿತ್ತು. ಮಿಕ್ಕ ಹದಿನೈದು ಹೆಸರಿನವರಿಗೆ ಹಬ್ಬವಾಯಿತು, ಯಾಕೆಂದರೆ ಜನರೆಲ್ಲ ನೋಡಿದ್ದು ಹದಿನಾರನೆಯದನ್ನು. ಕರಪತ್ರದಲ್ಲಿ 'ಕೈ ಎತ್ತಲಿಲ್ಲ' ಎಂದಿದ್ದ ಜಾಗದಲ್ಲಿ ಯಾರೋ ಇದ್ದಿಲಿನಿಂದ ದೊಡ್ಡ ಕೈ ಬರೆದು ಗೋಡೆಗೋಡೆಗೆ ಅಂಟಿಸಿದರು. ನಮ್ಮ ಬೀದಿಯ ತುಂಬ ಕೈ. ಮಾವ ಕಿಟಕಿ ಮುಚ್ಚಿಸಿದರು. ಸೈಕಲ್ ಶಾಪಿನವಳು ಮಾತ್ರ ದಿನಾ ಬಾಗಿಲು ತೆಗೆದು, ಮುಖ ಗಂಟು ಹಾಕಿಕೊಂಡು ಕೆಲಸ ಮಾಡುತ್ತಿದ್ದಳು. ನನ್ನ ಅಂಗಡಿಗೂ ಬಂದಳು. "ಅಕ್ಕಾ, ಟೈಪ್ ಮಾಡೋವಾಗ ಸರಿಯಾಗಿ ನೋಡಿದೀಯಾ?" ಅಂದಳು. "ನೋಡಿದೀನಿ" ಅಂದೆ. ನನ್ನ ನಾಲಿಗೆ ಸುಡಲಿ.

ಆರನೆಯ ದಿನ ನಿಂಬೆಹಣ್ಣಿನವಳ ಗಂಡ ಬಂದ. ಅವನು ಮನೆಮನೆಗೆ ಪೇಪರು ಹಾಕುವವನು. ಅವನ ಸೈಕಲ್ಲು ಆ ಶಾಪಿನಲ್ಲೇ ರಿಪೇರಿಗೆ ಬಿದ್ದಿತ್ತು, ಹಿಂದಿನ ಚಕ್ರ ಬಿಚ್ಚಿಟ್ಟಿದ್ದಳು. ಬಿಚ್ಚಿದ ಚಕ್ರವನ್ನು ಹೆಗಲಿಗೆ ಹಾಕಿಕೊಂಡು, ಮಿಕ್ಕ ಸೈಕಲ್ಲನ್ನು ಎಳೆದುಕೊಂಡು ಹೊರಟ. ಆಕೆ ಹಿಂದೆ ಓಡಿ, "ಅಣ್ಣಾ, ಅರ್ಧ ಗಂಟೆ ಕೊಡು, ಹಾಕಿಕೊಡ್ತೀನಿ" ಅಂದಳು. ಅವನು ತಿರುಗಿ ನೋಡಲಿಲ್ಲ. ಆಕೆ ಬೀದಿಯ ಮಧ್ಯೆ ಸ್ಪ್ಯಾನರು ಹಿಡಿದು ನಿಂತೇ ಇದ್ದಳು. ಅಲ್ಲಿಯವರೆಗೆ ಆಕೆ ಅತ್ತದ್ದನ್ನು ನಾನು ನೋಡಿರಲಿಲ್ಲ. ತಿರುಗಿ ನೋಡಿದರೆ ಮಾವ ನನ್ನ ಬೆನ್ನ ಹಿಂದೆ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

ಮಾರನೆಯ ದಿನ ಬೆಳಗ್ಗೆ ಹನ್ನೊಂದಕ್ಕೆ ನಗರಸಭೆಯ ಸಭಾಂಗಣದಲ್ಲಿ ಆಕ್ಷೇಪಣೆ ಕೇಳುವುದಿತ್ತು. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, "ಬಾಮ್ಮ, ಹೋಗೋಣ" ಅಂದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಕಚ್ಚಾ ಪುಸ್ತಕ ಅವರ ಕಂಕುಳಲ್ಲಿತ್ತು. ಗಂಡ ಬಾಗಿಲಲ್ಲಿ ನಿಂತು, "ಅಪ್ಪಾ, ಯೋಚನೆ ಮಾಡು" ಅಂದರು. "ಒಂಬತ್ತು ವರ್ಷ ಅದನ್ನೇ ಮಾಡಿದ್ದು" ಎಂದು ಮಾವ ಚಪ್ಪಲಿ ಮೆಟ್ಟಿದರು.

ಸಭಾಂಗಣ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದು. ಮೂವತ್ತೊಂದು ಕುರ್ಚಿಗಳು, ಬೆನ್ನಿಗೆ ಬಿಳಿ ಬಣ್ಣದ ನಂಬರು. ಕಿಟಕಿಯ ಪಕ್ಕದ ಇಪ್ಪತ್ತಮೂರರಲ್ಲಿ ಯಾರೋ ಚೀಲ ಇಟ್ಟಿದ್ದರು. ಮಾವ ಆ ಕಡೆ ನೋಡದೆ ಗೋಡೆ ಬದಿಯ ಬೆಂಚಿನಲ್ಲಿ ಕೂತರು. ಸೈಕಲ್ ಶಾಪಿನವಳು ಮುಂದಿನ ಸಾಲಿನಲ್ಲಿದ್ದಳು, ನಿಂಬೆಹಣ್ಣಿನವಳ ಗಂಡ ಬಾಗಿಲ ಹತ್ತಿರ ನಿಂತಿದ್ದ. ಅಧಿಕಾರಿ ಹೊಸಬರು, ಕಾಗದ ಸರಿಮಾಡಿಕೊಳ್ಳುತ್ತ, "ಆಕ್ಷೇಪಣೆ ಇರೋರು ಕೈ ಎತ್ತಿ, ಒಬ್ಬೊಬ್ಬರನ್ನಾಗಿ ಕರೀತೀನಿ" ಅಂದರು.

ಆಕೆಯ ಕೈ ಎದ್ದಿತು. ಹಿಂದೆ ಎಲ್ಲೋ ಇನ್ನೊಂದು ಎದ್ದಿತು. ನನ್ನ ಪಕ್ಕದಲ್ಲಿ ಮಾವನ ಕೈ ತೊಡೆಯ ಮೇಲಿಂದ ಎದೆಯವರೆಗೆ ಬಂದು ನಿಂತಿತು. ನಾನು ಮೊಣಕೈಗೆ ಆಸರೆ ಕೊಡಬೇಕೇನೋ ಅಂದುಕೊಂಡೆ. ಆಮೇಲೆ ಅದು ತಾನಾಗಿ ಮೇಲೆ ಹೋಯಿತು, ಪೂರ್ತಿ ನೇರವಾಗಿ.

ಅಧಿಕಾರಿ ಅದನ್ನೂ ಅವರ ವಯಸ್ಸನ್ನೂ ನೋಡಿ ಜವಾನನಿಗೆ, "ಅಲ್ಲಿ ಹಿರಿಯರಿಗೆ ನೀರು ಬೇಕು ಅನ್ಸತ್ತೆ, ಕೊಡಪ್ಪ" ಅಂದರು.

ಮಾವ ಎದ್ದು ನಿಂತರು.

"ನೀರು ಬೇಡ ಸ್ವಾಮಿ. ಇದು ಆಕ್ಷೇಪಣೆ."

"ಯಾರ ಮೇಲೆ?"

"ಈ ಪಟ್ಟಿ ಎಣಿಸಿದ ಗುಮಾಸ್ತನ ಮೇಲೆ. ನನ್ನ ಮೇಲೆ."

ಎಲ್ಲ ಹೇಳಿದರು. ಪುಸ್ತಕ ತೆರೆದು ಆ ಮನೆಯನ್ನು, ಆ ಎರಡಕ್ಷರವನ್ನು ತೋರಿಸಿದರು. ಬಾಗಿಲ ಹತ್ತಿರ ನಿಂತಿದ್ದ ನಿಂಬೆಹಣ್ಣಿನವಳ ಗಂಡ ನಿಧಾನವಾಗಿ ಮುಂದೆ ಬಂದ.

"ಹಂಗಾದ್ರೆ ನಿಜವಾದ ಲೆಕ್ಕ ಎಷ್ಟು?"

"ಪರ ಹದಿನೈದು. ವಿರುದ್ಧ ಹದಿನಾರು."

"ಹಂಗೆ ಬರ್ದಿದ್ರೆ ಏನಾಗ್ತಿತ್ತು?"

ಮಾವ ಅವನ ಮುಖವನ್ನೇ ನೋಡಿ ಹೇಳಿದರು. "ಠರಾವು ಬೀಳ್ತಿತ್ತು. ಚಾವಣಿ ಬೀಳ್ತಿರಲಿಲ್ಲ."

ಅವನು ಹೊಡೆಯುತ್ತಾನೆ ಎಂದು ನಾನು ಮುಂದೆ ನುಗ್ಗಿದೆ. ಅವನು ಹೊಡೆಯಲಿಲ್ಲ. ಅಲ್ಲೇ ಇದ್ದ ಕುರ್ಚಿಯಲ್ಲಿ ಕುಸಿದು ಕೂತು, "ಒಂದು ಕೈ" ಅಂದ. ಮತ್ತೆ ಮತ್ತೆ ಅದನ್ನೇ ಅಂದ.

ಸಹಿಯಾದ ನಡಾವಳಿಯನ್ನು ತಿದ್ದಲು ಬರುವುದಿಲ್ಲ, ಕೆಳಗೆ ಟಿಪ್ಪಣಿ ಹಾಕಬಹುದು ಎಂದು ಅಧಿಕಾರಿ ಹೇಳಿದರು. ಮನೆಗೆ ಬಂದು ನಾನೇ ಅದನ್ನು ಟೈಪು ಮಾಡಿದೆ. 'ಹದಿನಾರನೆಯ ಕೈ ನೀರಿಗಾಗಿ ಎತ್ತಿದ್ದು, ಮತಕ್ಕಾಗಿ ಅಲ್ಲ. ತಪ್ಪು ಎಣಿಸಿದ್ದು ನಾನು. ಗೊತ್ತಾದ ಮೇಲೂ ಸುಮ್ಮನಿದ್ದವನು ನಾನು.' ಕೆಳಗೆ ಮಾವ ತಮ್ಮ ಪೂರ್ತಿ ಹೆಸರು ಬರೆದರು. ಆ ಹೆಸರು ಓದಿ, ಇದ್ಯಾರು ಎಂದು ಬೋರ್ಡಿನ ಮುಂದೆ ಜನ ಕೇಳಿದರಂತೆ.

ಚುನಾವಣೆ ಆಯಿತು. ಸೈಕಲ್ ಶಾಪಿನವಳು ಹತ್ತೊಂಬತ್ತು ವೋಟಿನಿಂದ ಸೋತಳು. ಟಿಪ್ಪಣಿ ಬೋರ್ಡಿಗೆ ಬರುವಷ್ಟರಲ್ಲಿ ಇದ್ದಿಲ ಕೈ ಊರೆಲ್ಲ ಸುತ್ತಿ ಬಂದಿತ್ತು. ನಾವು ಬಾಯಿ ಮುಚ್ಚಿಕೊಂಡಿದ್ದ ಆ ಆರು ದಿನಕ್ಕೆ ಹತ್ತೊಂಬತ್ತನ್ನು ಭಾಗಿಸಿದರೆ ದಿನಕ್ಕೆ ಮೂರು ಚಿಲ್ಲರೆ ವೋಟು. ಈ ಲೆಕ್ಕ ಮಾವನದಲ್ಲ, ನನ್ನದು. ಮಾವನಿಗೆ ನಗರಸಭೆಯಿಂದ ನೋಟಿಸು ಬಂದಿದೆ, ವಿಚಾರಣೆ ಆಗಬೇಕು. ಅವರು ಅದನ್ನು ಎರಡು ಸಲ ಓದಿ, ಕನ್ನಡಕದ ಡಬ್ಬಿಯ ಕೆಳಗೆ ಇಟ್ಟಿದ್ದಾರೆ.

ನಿಂಬೆಹಣ್ಣಿನವಳ ಗಂಡನ ಸೈಕಲ್ಲು ಮತ್ತೆ ಎದುರಿನ ಶಾಪಿಗೆ ಬಂತು. ನಮ್ಮ ಮನೆಗೆ ಪೇಪರು ಹಾಕುವುದನ್ನು ಅವನು ನಿಲ್ಲಿಸಿದ.

ಮೊನ್ನೆ ಆಕೆ ನನ್ನ ಅಂಗಡಿಗೆ ಬಂದಳು. ಮೂರು ವಾರದ ಮೇಲೆ. ಕೈಯಲ್ಲಿ ಹೊಸ ಅರ್ಜಿಯ ಒಕ್ಕಣೆ: ಹೊಸ ಸಭೆಯಲ್ಲಿ ಪರ, ವಿರುದ್ಧ ಎರಡನ್ನೂ ಹೆಸರು ಕೂಗಿ ಎಣಿಸಬೇಕು. "ಖಾರ ಸ್ವಲ್ಪ ಕಮ್ಮಿ ಹಾಕು" ಎಂದಳು, ನನ್ನ ಕಡೆ ನೋಡದೆ. ನಾನು ಕುಟ್ಟತೊಡಗಿದೆ. ಒಳಗಿನಿಂದ ಮಾವ ಲೋಟ ಹಿಡಿದು ಬಂದರು, ಅಭ್ಯಾಸಬಲ. ಆಕೆಯನ್ನು ಕಂಡು ಬಾಗಿಲಲ್ಲೇ ನಿಂತರು. ಆಮೇಲೆ ಮುಂದೆ ಬಂದು ಲೋಟವನ್ನು ಮೇಜಿನ ತುದಿಯಲ್ಲಿಟ್ಟರು.

ಆಕೆ ಲೋಟ ನೋಡಿದಳು.

"ಒಂದು ಮಾತು ಕೇಳ್ತೀನಿ ಗುಮಾಸ್ತರೇ. ಅವತ್ತು ನಮ್ಮಪ್ಪನಿಗೆ ನೀರು ಸಿಕ್ತಾ?"

ನಾನು ಕುಟ್ಟುವುದನ್ನು ನಿಲ್ಲಿಸಿದೆ. ಇಷ್ಟೆಲ್ಲ ಕೇಳಿದವಳು ನಾನು, ಇದೊಂದನ್ನು ಕೇಳಿರಲಿಲ್ಲ.

"ಇಲ್ಲಮ್ಮ" ಅಂದರು ಮಾವ. "ಗಂಟೆ ಹೊಡೀತು. ಜವಾನ ಊಟದ ಕೋಣೆ ಬಾಗಿಲು ತೆಗೆಯೋಕೆ ಓಡಿದ. ಅವರು ಸ್ವಲ್ಪ ಹೊತ್ತು ಕೈ ಹಾಗೇ ಹಿಡ್ಕೊಂಡಿದ್ದು, ಆಮೇಲೆ ಇಳಿಸಿದ್ರು."

ಆಕೆ ಗ್ರೀಸಿನ ಕೈಯಲ್ಲೇ ಲೋಟ ಎತ್ತಿ ಒಂದೇ ಉಸಿರಿಗೆ ಪೂರ್ತಿ ಕುಡಿದಳು. ಖಾಲಿ ಲೋಟವನ್ನು ಮೇಜಿನ ಮೇಲಿಟ್ಟು, ಅರ್ಜಿಗೆ ಸಂಜೆ ಬರ್ತೀನಿ ಅಕ್ಕಾ ಎಂದು ಹೊರಟುಹೋದಳು.

ಮಾವ ಲೋಟವನ್ನು ಒಳಗೆ ತೆಗೆದುಕೊಂಡು ಹೋದರು. ತೊಳೆದ ಸದ್ದು ಕೇಳಿಸಿತು. ಮತ್ತೆ ತುಂಬ ನೀರು ತುಂಬಿಸಿ ತಂದು, ಅದೇ ಜಾಗದಲ್ಲಿ, ಯಾರೂ ಇಲ್ಲದ ಕುರ್ಚಿಯ ಮುಂದೆ ಇಟ್ಟು, ಪಕ್ಕದಲ್ಲಿ ಕೂತರು.